ಅಧ್ಯಕ್ಷರ ತಲೆಯ ಗಾಯ

ಕುರ್ಚಿಯಲ್ಲಿ ಕೂತವನ ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತುವಷ್ಟರಲ್ಲಿ ರೇಡಿಯೋ ಶುರುವಾಗುತ್ತಿತ್ತು. ರೇಡಿಯೋ ಅಂದರೆ ಯಂತ್ರವಲ್ಲ, ಆ ಕ್ಷೌರದಂಗಡಿಯ ಮಾಲೀಕ. ಐವತ್ತೆರಡು ವರ್ಷದ, ಕಡ್ಡಿಯಂಥ ಮನುಷ್ಯ. ಯಾವ ಪಕ್ಷದಲ್ಲಿ ಯಾರಿಗೆ ಟಿಕೆಟ್ ಕೈತಪ್ಪಿತು, ಬಂಡಾಯ ಎದ್ದವನ ಮನೆಗೆ ಹೋಗಿ ಯಾವ ಮಂತ್ರಿ ಕಾಲು ಹಿಡಿದ, ಬೆಳಗ್ಗೆ ಒಂದು ಪಕ್ಷ ಬಿಟ್ಟು ಮಧ್ಯಾಹ್ನ ಇನ್ನೊಂದು ಸೇರಿದ ಶಾಸಕ ಸಂಜೆ ಹಳೆಯ ಕಚೇರಿಗೆ ಯಾಕೆ ಓಡಿದ (ಕನ್ನಡಕ ಅಲ್ಲೇ ಬಿಟ್ಟು ಬಂದಿದ್ದನಂತೆ), ಎಲ್ಲವೂ ಒಂದೇ ಕಟಿಂಗಿನಲ್ಲಿ ಮುಗಿಯುತ್ತಿತ್ತು. ರಾಜಧಾನಿಯ ಸುದ್ದಿ ಬೇಕಾದರೆ ಕಟಿಂಗ್ ಮಾಡಿಸಬೇಕು, ಕ್ಷೇತ್ರದ ಸುದ್ದಿಗೆ ಶೇವಿಂಗ್ ಸಾಕು ಎಂದು ಜನ ತಮಾಷೆ ಮಾಡುತ್ತಿದ್ದರು. ಅರ್ಧ ನಿಜ, ಅರ್ಧ ಉಪ್ಪುಖಾರ. ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ಆದರೆ ರೇಡಿಯೋಗೂ ಒಂದು ಕಟ್ಟುಪಾಡಿತ್ತು. ಕಿವಿಗೆ ಬಿದ್ದದ್ದನ್ನು ಹೇಳುತ್ತಿದ್ದ, ತಲೆಯ ಮೇಲೆ ಕಂಡದ್ದನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ಯಾರ ತಲೆಯಲ್ಲಿ ಹೇನು, ಯಾರಿಗೆ ಹೆಂಡತಿ ಲಟ್ಟಣಿಗೆಯಲ್ಲಿ ಹೊಡೆದ ಗುರುತು, ಯಾರ ಕಪ್ಪು ಕೂದಲ ಬುಡವೆಲ್ಲ ಬಿಳಿ, ಅದೆಲ್ಲ ಅವನ ಹೊಟ್ಟೆಯಲ್ಲೇ ಉಳಿಯುತ್ತಿತ್ತು. ಅದಕ್ಕೇ ದೊಡ್ಡವರೂ ಅವನಿಗೆ ಧೈರ್ಯವಾಗಿ ತಲೆ ಕೊಡುತ್ತಿದ್ದರು. ನಗರಸಭೆಗೆ ಎರಡು ಸಲ ಅಧ್ಯಕ್ಷನಾಗಿದ್ದು ಈಗ ಶಾಸಕನಾಗಲು ನಿಂತಿದ್ದ ಮನುಷ್ಯನೂ ಹನ್ನೆರಡು ವರ್ಷದಿಂದ ಅವನ ಗಿರಾಕಿ. ಎಲ್ಲರೂ ಈಗಲೂ ಅವನನ್ನು ಅಧ್ಯಕ್ಷರು ಎಂದೇ ಕರೆಯುತ್ತಿದ್ದರು.

ಮತದಾನಕ್ಕೆ ಎಂಟು ದಿನ ಇದ್ದಾಗ, ಮಟಮಟ ಮಧ್ಯಾಹ್ನ, ತೆರೆದ ಜೀಪಿನಲ್ಲಿ ಕೈಮುಗಿಯುತ್ತ ಹೊರಟಿದ್ದ ಅಧ್ಯಕ್ಷರು ‘ಅಯ್ಯೋ’ ಎಂದು ತಲೆ ಹಿಡಿದುಕೊಂಡು ಕುಸಿದರು. ಕಲ್ಲು ಬಿತ್ತು ಎಂದು ಯಾರೋ ಕೂಗಿದರು. ಅರ್ಧ ಗಂಟೆಯಲ್ಲಿ ಟಿವಿಯಲ್ಲಿ ಬಿಳಿ ಪಟ್ಟಿ ಸುತ್ತಿದ ತಲೆ, ನೀರು ತುಂಬಿದ ಕಣ್ಣು. ಒಂದು ಗಂಟೆಯಲ್ಲಿ ಎದುರು ಪಕ್ಷದ ಕಚೇರಿಗೆ ಬೆಂಕಿ. ಅದೇ ಸಾಲಿನ ಹನ್ನೊಂದು ಅಂಗಡಿ ಉರಿದವು. ಹೊಲಿಗೆಯವನೊಬ್ಬ ಮಿಷನ್ ಉಳಿಸಿಕೊಳ್ಳಲು ಒಳಗೆ ನುಗ್ಗಿದ್ದ, ಅವನನ್ನು ಎಳೆದು ಹೊರಗೆ ತಂದಾಗ ಬೆನ್ನಿನ ಚರ್ಮ ಅಂಗಿಯ ಜೊತೆಗೇ ಬಂತು. ಅಧ್ಯಕ್ಷರ ಬಲಗೈ ಬಂಟ ಹುರಿಮೀಸೆ ಕಬ್ಬಿಣದ ಸಲಾಕೆ ಹಿಡಿದು ಬೀದಿಯುದ್ದಕ್ಕೂ ನಡೆದ. ಸಿಕ್ಕವರ ಮೊಣಕಾಲಿಗೇ ಹೊಡೆದ. ಯಾವ ಪಕ್ಷ ಎಂದು ಕೇಳುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ.

ಸಂಜೆಯೊಳಗೆ ಕಲ್ಲೆಸೆದವನೂ ಸಿಕ್ಕಿಬಿಟ್ಟ. ಎದುರು ಪಕ್ಷದ ಪೋಸ್ಟರ್ ಅಂಟಿಸುವವನು, ಕೈಯಲ್ಲಿ ಅಂಟಿನ ಬಕೆಟ್ ಹಿಡಿದು ಅದೇ ರಸ್ತೆಯಲ್ಲಿದ್ದ. ಅವನನ್ನು ಎಲ್ಲರೂ ಗೋಂದು ಎನ್ನುತ್ತಿದ್ದರು. ಅವನು ರೇಡಿಯೋನ ಹೆಂಡತಿಯ ತಮ್ಮ.

ರೇಡಿಯೋಗೆ ಈ ಭಾವಮೈದನನ್ನು ಕಂಡರೆ ಮದುವೆಯಾದ ದಿನದಿಂದಲೂ ಅಷ್ಟಕ್ಕಷ್ಟೆ. ನಲವತ್ತರ ಹತ್ತಿರ ಬಂದರೂ ನೆಟ್ಟಗೆ ಒಂದು ಕೆಲಸದಲ್ಲಿ ನಿಲ್ಲದವನು. ಎರಡು ಮಕ್ಕಳ ತಂದೆ, ಅಂಗಡಿಗೆ ಬಂದರೆ ಪುಕ್ಕಟೆ ಕಟಿಂಗ್ ಮಾಡಿಸಿಕೊಂಡು ಕನ್ನಡಿಗೆ ತಾನೇ ಒಂದು ಪೋಸ್ಟರ್ ಅಂಟಿಸಿ ಹೋಗುವ ಆಸಾಮಿ. ಆದರೂ ಕಲ್ಲೆಸೆಯುವ ಗುಂಡಿಗೆ ಅವನಿಗಿಲ್ಲ ಎಂಬುದು ರೇಡಿಯೋಗೆ ಚೆನ್ನಾಗಿ ಗೊತ್ತಿತ್ತು. ಜಿರಲೆ ಕಂಡರೆ ಮಂಚ ಹತ್ತುವವನು!

ಮೂರನೆಯ ದಿನ ಅಧ್ಯಕ್ಷರ ಮನೆಯಿಂದ ಕರೆ ಬಂತು. ಪ್ರತಿ ವಾರದ ಹಾಗೆ ಶೇವಿಂಗ್ ಮಾಡಬೇಕು, ಕೂದಲಿಗೆ ಬಣ್ಣ ಹಾಕಬೇಕು. ಒಳಕೋಣೆಯ ಬಾಗಿಲು ಹಾಕಿಕೊಂಡು ಕುರ್ಚಿಯಲ್ಲಿ ಕೂತ ಅಧ್ಯಕ್ಷರು, “ಥೂ, ಕಡಿತಾನೇ ಇದೆ ಇದು” ಎಂದು ಟೋಪಿ ತೆಗೆದ ಹಾಗೆ ಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. ರೇಡಿಯೋ ಕೂದಲು ಬಿಡಿಸಿ ಬಿಡಿಸಿ ನೋಡಿದ. ಮುಂದೆ, ಹಿಂದೆ, ಕಿವಿಯ ಮೇಲೆ. ಒಂದು ಗೀರು ಕೂಡ ಇರಲಿಲ್ಲ.

ಕನ್ನಡಿಯಲ್ಲಿ ಅಧ್ಯಕ್ಷರು ಅವನನ್ನೇ ನೋಡುತ್ತಿದ್ದರು. “ಹನ್ನೆರಡು ವರ್ಷದಿಂದ ನಿನ್ನ ಬಾಯಿ ನಂಬಿದೀನಿ ಕಣಯ್ಯ” ಎಂದರು, ನಗುತ್ತಲೇ. ಅವನು ತಲೆಯಾಡಿಸಿ ಬಣ್ಣ ಕಲಸಿದ.

ಮನೆಗೆ ಬಂದರೆ ಹೆಂಡತಿ ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ಒಲೆ ಹಚ್ಚಿರಲಿಲ್ಲ. ಪೊಲೀಸ್ ಠಾಣೆಗೆ ಹೋಗಿ ತಮ್ಮನನ್ನು ನೋಡಿ ಬಂದಿದ್ದಳು.

“ನಿಲ್ಲೋಕಾಗ್ತಿಲ್ಲ ರೀ ಅವನಿಗೆ. ಗೋಡೆ ಹಿಡ್ಕೊಂಡು ಬಂದ. ಪಾದದ ಅಡಿ ಎಲ್ಲ ಊದಿ ಒಡೆದುಹೋಗಿದೆ. ಮೂತ್ರದಲ್ಲಿ ರಕ್ತ ಬರ್ತಿದೆಯಂತೆ. ಕಲ್ಲು ಎಸೆದೆ ಅಂತ ಬರೆದುಕೊಟ್ಬಿಡ್ತೀನಿ ಅಕ್ಕಾ, ಇನ್ನು ತಡ್ಕೊಳೋಕಾಗಲ್ಲ ಅಂದ. ಬರೆದುಕೊಟ್ರೆ ಕೊಲೆ ಯತ್ನದ ಕೇಸು. ಬರೆದುಕೊಡದೇ ಇದ್ರೆ ಅಲ್ಲೇ ಸಾಯಿಸ್ತಾರೆ.”

ರೇಡಿಯೋ ಕೈಗೆ ಹತ್ತಿದ್ದ ಕಪ್ಪು ಬಣ್ಣ ತೊಳೆಯಲು ಬಚ್ಚಲಿಗೆ ಹೋದ. ಎಷ್ಟು ತಿಕ್ಕಿದರೂ ಉಗುರಿನ ಸಂದಿಯದು ಹೋಗಲಿಲ್ಲ. ಯಾಕೆ ತಿಕ್ಕುತ್ತಿದ್ದೇನೆ ಎಂದು ತನಗೇ ಅರ್ಥವಾಗದೆ ಚೊಂಬನ್ನು ಗೋಡೆಗೆ ಬೀಸಿ ಒಗೆದ.

ಮಧ್ಯಾಹ್ನ ಅಂಗಡಿಗೆ ಪತ್ರಿಕೆಯ ವರದಿಗಾರ ಬಂದ. ಚುನಾವಣೆ ಮುಗಿಯುವವರೆಗೆ ‘ಒಳಗಿನ ಪಿಸುಮಾತು’ ಎಂಬ ಕಾಲಂ ಬರೆಯುವವನು ಅವನೇ, ಅದಕ್ಕೆ ಅರ್ಧ ಸರಕು ಈ ಕುರ್ಚಿಯಿಂದಲೇ ಹೋಗುತ್ತಿತ್ತು. ಕೆನ್ನೆಗೆ ನೊರೆ ಹಚ್ಚುತ್ತ ರೇಡಿಯೋ ಜೀವಮಾನದಲ್ಲಿ ಮೊದಲ ಸಲ ಒಂದು ತಲೆಯ ಗುಟ್ಟು ಬಿಟ್ಟುಕೊಟ್ಟ. ವರದಿಗಾರ ನೊರೆಯ ಮುಖದಲ್ಲೇ ಎದ್ದು ಕೂತ.

“ನನ್ನ ಹೆಸರು ಬರಬಾರದು” ಎಂದ ರೇಡಿಯೋ.

“ಹೆಸರು ಹಾಕಿದ್ರೆ ಅದು ಪಿಸುಮಾತು ಹೇಗಾಗುತ್ತೆ ಮಾರಾಯ? ನಿಶ್ಚಿಂತೆಯಿಂದಿರು.”

ಹೆಸರು ಹಾಕಲಿಲ್ಲ, ನಿಜ. ಆದರೆ ಆ ಕಾಲಮ್ಮಿಗೂ ಒಂದು ಚಾಳಿಯಿತ್ತು. ಹೆಸರು ಮುಚ್ಚಬೇಕು, ಓದುಗರು ನಂಬುವ ಹಾಗೆ ಒಂದು ಗುರುತನ್ನೂ ಬಿಡಬೇಕು. ಮಾರನೆಯ ಬೆಳಗ್ಗೆ ಟಿಕೆಟ್ ಸಿಗದವರ, ಮುನಿಸಿಕೊಂಡವರ, ಹೆಲಿಕಾಪ್ಟರ್ ಕೆಟ್ಟ ನಾಯಕರ ಸುದ್ದಿಗಳ ನಡುವೆ ಎರಡು ಸಾಲು ಅಚ್ಚಾಗಿತ್ತು: “ಹುರಿಯಾಳೊಬ್ಬರ ತಲೆಯಲ್ಲಿ ಪಟ್ಟಿ ಇದೆ, ಗಾಯ ಮಾತ್ರ ಇಲ್ಲವಂತೆ. ಹೀಗೆಂದು ಬಾಚಣಿಗೆಗಳು ಮಾತಾಡಿಕೊಳ್ಳುತ್ತಿವೆ!” ಚೆಂದವಾಗಿ ಬರೆದೆನೆಂದು ಆ ಪುಣ್ಯಾತ್ಮ ತನ್ನ ಬೆನ್ನು ತಾನೇ ತಟ್ಟಿಕೊಂಡಿರಬೇಕು. ಅವನ ಕೈಗೆ ಕುಷ್ಠ ಹಿಡಿಯ.

ಎಂಟು ಗಂಟೆಗೆ ಎದುರು ಪಕ್ಷದವರು ಪಟ್ಟಿ ಬಿಚ್ಚಿ ತೋರಿಸಿ ಎಂದು ಚುನಾವಣಾಧಿಕಾರಿಗೆ ದೂರು ಕೊಟ್ಟರು. ಎಂಟೂವರೆಗೆ ಅಧ್ಯಕ್ಷರು ಟಿವಿಯವರ ಮುಂದೆ ಎದೆ ತಟ್ಟಿಕೊಂಡು, ಹನ್ನೆರಡು ಗಂಟೆಗೆ ಮೈದಾನದ ವೇದಿಕೆಯಲ್ಲಿ ಬಿಚ್ಚುತ್ತೇನೆ, ಸರ್ಕಾರಿ ಡಾಕ್ಟರೇ ಬಂದು ನೋಡಲಿ ಎಂದರು. ಹತ್ತೂವರೆಗೆ ಹುರಿಮೀಸೆ ನಾಲ್ಕು ಜನರೊಂದಿಗೆ ಅಂಗಡಿಗೆ ನುಗ್ಗಿದ. ಮಾತಿಲ್ಲ ಕಥೆಯಿಲ್ಲ, ರೇಡಿಯೋನ ಮುಖವನ್ನು ಕನ್ನಡಿಗೆ ಹೊಡೆದ. ಗಾಜು ಪುಡಿಯಾಗಿ ಹುಬ್ಬಿನೊಳಗೆ ಸೇರಿತು. ಕುರ್ಚಿ ಕಿತ್ತು ಬೀದಿಗೆ ಎಸೆದರು. ಅರ್ಧ ಶೇವಿಂಗ್ ಆಗಿದ್ದ ಗಿರಾಕಿ ಕುತ್ತಿಗೆಯ ಬಟ್ಟೆಯ ಸಮೇತ ಓಡಿಹೋದ.

“ನಿನ್ನ ಕತ್ತಿ ತಗೋ” ಎಂದ ಹುರಿಮೀಸೆ. “ಬರೀ ಕತ್ತಿ. ಬೇರೇನೂ ಬೇಡ.”

ಅಧ್ಯಕ್ಷರು ಮನೆಯ ಹಿಂದಿನ ಬಚ್ಚಲುಮನೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಹೆಗಲ ಮೇಲೆ ಟವೆಲ್, ಮುಖ ಬಿಳುಚಿಕೊಂಡಿತ್ತು. ಪಟ್ಟಿ ಕಟ್ಟಿದ್ದ ಅವರ ಸ್ವಂತ ಡಾಕ್ಟರು ಪೇಪರ್ ನೋಡಿದ್ದೇ ಫೋನ್ ಆಫ್ ಮಾಡಿ ಊರು ಬಿಟ್ಟಿದ್ದ.

“ಗಾಯ ಇಲ್ಲ ಅಂದ್ಯಲ್ಲ, ಈಗ ನೀನೇ ಮಾಡಿಕೊಡು” ಎಂದರು ಅಧ್ಯಕ್ಷರು. “ಇವನ ಕೈಗೆ ಕೊಟ್ರೆ ಬುರುಡೆಯನ್ನೇ ಒಡೀತಾನೆ. ನಿನ್ನ ಕೈ ಹಗುರ.”

“ಕಲ್ಲೇಟಿನ ಹಾಗೇ ಕಾಣ್ಬೇಕು” ಎಂದ ಹುರಿಮೀಸೆ. “ಬಾಲ ಬಿಚ್ಚಿದ್ರೆ ಠಾಣೆಗೆ ಒಂದೇ ಒಂದು ಫೋನು. ನಿನ್ನ ಭಾವಮೈದ ಮಧ್ಯಾಹ್ನದೊಳಗೆ ಕಿಟಕಿ ಸರಳಿಗೆ ನೇಣು ಹಾಕ್ಕೊಂಡಿರ್ತಾನೆ.”

ರೇಡಿಯೋ ಹುಬ್ಬಿನ ರಕ್ತ ತೋಳಿಗೆ ಒರೆಸಿಕೊಂಡ. ಮೂವತ್ತು ವರ್ಷ ತಲೆಗಳನ್ನೇ ನೋಡಿದವನು. ಕಲ್ಲು ಬಿದ್ದರೆ ಚರ್ಮ ಜಜ್ಜಿ ಸೀಳುತ್ತದೆ, ಅಂಚು ಹರಕುಮುರುಕಾಗಿ ಸುತ್ತ ನೀಲಿಗಟ್ಟುತ್ತದೆ. ಕತ್ತಿಯ ಗಾಯದ ಅಂಚು ಹರಿದಿರುವುದಿಲ್ಲ, ಬೈತಲೆ ತೆಗೆದ ಹಾಗೆ ನೆಟ್ಟಗಿರುತ್ತದೆ. ಬೇಕಿದ್ದರೆ ಅವನು ಕತ್ತಿಯ ಹಿಡಿಯಿಂದಲೇ ಜಜ್ಜಿ ಕಲ್ಲೇಟಿನಂಥದ್ದನ್ನು ಮಾಡಬಹುದಿತ್ತು. ಹಾಗೆ ಮಾಡಿದರೆ ಗೋಂದು ಕಲ್ಲೆಸೆದದ್ದು ನಿಜವಾಗುತ್ತದೆ. ನೆಟ್ಟಗೆ ಕೊಯ್ದರೆ, ಡಾಕ್ಟರಾದವರು ಕಂಡ ಕೂಡಲೇ ಕತ್ತಿ ಎನ್ನುತ್ತಾರೆ, ಹಸಿ ಗಾಯ ಎನ್ನುತ್ತಾರೆ. ಆಮೇಲೆ ಕತ್ತಿ ಯಾರದು ಎಂದು ಕೇಳುತ್ತಾರೆ. ಊರಲ್ಲಿ ಅಧ್ಯಕ್ಷರ ತಲೆಗೆ ಕತ್ತಿ ತಾಗಿಸುವವನು ಒಬ್ಬನೇ.

ಇನ್ನೂ ಒಂದು ದಾರಿ ಇತ್ತು, ಅದೂ ಹೊಳೆಯದೆ ಇರಲಿಲ್ಲ. ಕೈಯನ್ನು ಒಂದು ಗೇಣು ಕೆಳಗೆ ಇಳಿಸಿದ್ದರೆ ಅಲ್ಲೇ ಅಧ್ಯಕ್ಷರ ಗಂಟಲು ಮಿಡಿಯುತ್ತಿತ್ತು. ಉರಿದ ಅಂಗಡಿಗಳು, ಹೊಲಿಗೆಯವನ ಬೆನ್ನು, ಗೋಂದಿನ ಪಾದ ಎಲ್ಲ ಕಣ್ಣ ಮುಂದೆ ಬಂದವು. ಕೊಯ್ಯಬೇಕೆಂದು ಅವನಿಗೆ ಮನಸಾರೆ ಅನಿಸಿತು, ಬಾಯಲ್ಲಿ ನೀರೂರುವಷ್ಟು ಅನಿಸಿತು. ಅಂಥ ಆಸೆ ತನ್ನೊಳಗೆ ಇದೆಯೆಂದು ಅವನಿಗೆ ಗೊತ್ತಿರಲಿಲ್ಲ. ಹೆದರಿಕೆಯಾಗಿ ಎಡಗೈಯಿಂದ ಅಧ್ಯಕ್ಷರ ಹಣೆಯನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಕೆಲಸ ನನಗೆ ಬಿಡಿ” ಎಂದ.

ನೆತ್ತಿಯ ಎಡಕ್ಕೆ ಕತ್ತಿಯಿಟ್ಟು ಒಂದು ಬೆರಳುದ್ದ ಎಳೆದ. ನಿಧಾನವಾಗಿ ಎಳೆದ. ಅಧ್ಯಕ್ಷರು ಟವೆಲ್ ಬಾಯಿಗೆ ತುರುಕಿಕೊಂಡು ಒರಲಿದರು. ರಕ್ತ ಕಿವಿಯ ಮೇಲಿಂದ ಇಳಿದು ಬಿಳಿ ಅಂಗಿ ತೋಯಿಸಿ ಬಚ್ಚಲ ಮೋರಿಗೆ ಹರಿಯಿತು. ಎಷ್ಟೋ ಜನರ ಮೊಣಕಾಲು ಮುರಿದ ಹುರಿಮೀಸೆಗೆ ಈ ನಿಧಾನ ನೋಡಲಾಗಲಿಲ್ಲ, ಗೋಡೆಯ ಕಡೆ ತಿರುಗಿ ನಿಂತ. ಗಾಯದ ಮೇಲೆ ಕೆಂಪು ಔಷಧಿ ಸುರಿದು, ಹತ್ತಿ ಒತ್ತಿ, ರೇಡಿಯೋ ತಾನೇ ಪಟ್ಟಿ ಬಿಗಿದ. ಅಷ್ಟರಲ್ಲಿ ಹನ್ನೊಂದೂವರೆ. ಬಿಚ್ಚಿ ನೋಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಎಲ್ಲೂ ಬಾಯಿ ಬಿಡದ ಹಾಗೆ ಅವನನ್ನೂ ಜೀಪಿನ ಹಿಂದೆ ಕೂರಿಸಿಕೊಂಡೇ ಮೈದಾನಕ್ಕೆ ಹೊರಟರು.

ವೇದಿಕೆಯ ಮೇಲೆ ಪಟ್ಟಿ ಬಿಚ್ಚಿದರು. ಸಾವಿರಾರು ಜನ “ಅಯ್ಯಯ್ಯೋ” ಎಂದರು, ಕೆಲವು ಹೆಂಗಸರು ಅತ್ತೇಬಿಟ್ಟರು. ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಕನ್ನಡಕ ಏರಿಸಿ, ಕೂದಲು ಸರಿಸಿ, ತುಂಬ ಹೊತ್ತು ನೋಡಿದರು. ಮೈಕ್ ಹತ್ತಿರದಲ್ಲೇ ಇತ್ತು.

“ಇದು ಕಲ್ಲಿನದಲ್ಲ. ಹರಿತವಾದ ಕತ್ತೀದು. ಆಗಿ ಎರಡು ಗಂಟೆಯೂ ಆಗಿಲ್ಲ. ಇದು ಬಿಟ್ರೆ ತಲೆಯಲ್ಲಿ ಬೇರೆ ಯಾವ ಗಾಯವೂ ಇಲ್ಲ. ಹೀಗೇ ಬರೆದುಕೊಡ್ತೀನಿ.”

ಮೈದಾನಕ್ಕೆ ಆ ಮಾತು ಅರ್ಥವಾಗಲು ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು. ಅಧ್ಯಕ್ಷರಿಗೆ ಅಷ್ಟು ಸಾಕಾಯಿತು. ಸುಮ್ಮನೆ ಎರಡು ಸಲ ಅಧ್ಯಕ್ಷನಾಗಿರಲಿಲ್ಲ ಆ ಮನುಷ್ಯ. ಮೈಕ್ ಕಸಿದುಕೊಂಡು, “ಹೇಳಬಾರದು ಅಂತಿದ್ದೆ!” ಎಂದು ಗೋಳಾಡಿದರು. “ಇವತ್ತು ಬೆಳಗ್ಗೆ, ನನ್ನ ಮನೆಯೊಳಗೇ, ನನ್ನ ನಂಬಿಕೆಯ ಕ್ಷೌರದವನ ಕೈಯಲ್ಲಿ ಕತ್ತಿ ಹಾಕಿಸಿದರು! ಅಲ್ಲಿದಾನೆ ನೋಡಿ!”

ವೇದಿಕೆಯ ಹಿಂದೆ ನಿಂತಿದ್ದ ರೇಡಿಯೋನ ಮೇಲೆ ಜನ ಬಿದ್ದರು. ಅವನಿಂದ ಕಟಿಂಗ್ ಮಾಡಿಸಿಕೊಂಡ ತಲೆಗಳೇ ಎಷ್ಟೋ ಇದ್ದವು ಅದರಲ್ಲಿ. ಪಕ್ಕೆಗೆ ಒದ್ದರು, ಕೂದಲು ಹಿಡಿದು ಕಲ್ಲುನೆಲಕ್ಕೆ ಬಡಿದರು. ಹುರಿಮೀಸೆ ಅವನ ಬಲಗೈಯನ್ನು ವೇದಿಕೆಯ ಮೆಟ್ಟಿಲ ಮೇಲೆ ಚಾಚಿಸಿ, ಶಾಮಿಯಾನದ ಗೂಟ ಬಡಿಯುವ ಸುತ್ತಿಗೆ ತರಿಸಿದ. ಒಂದೊಂದೇ ಬೆರಳು. ಹೆಬ್ಬೆರಳಿಗೆ ಎರಡು ಏಟು ಬೇಕಾಯಿತು. ಪೊಲೀಸರು ಬಂದು ಬಿಡಿಸಿದರು ಅನ್ನುವುದಕ್ಕಿಂತ, ಮುಗಿದ ಮೇಲೆ ಬಂದು ಎತ್ತಿಕೊಂಡು ಹೋದರು.

ಠಾಣೆಯಲ್ಲಿ ಲೆಕ್ಕ ಬೇಗ ಇತ್ಯರ್ಥವಾಯಿತು. ಕಲ್ಲಿನ ಗಾಯವೇ ಇಲ್ಲವೆಂದು ಡಾಕ್ಟರಮ್ಮ ಬರೆದುಕೊಟ್ಟ ಮೇಲೆ ಕಲ್ಲೆಸೆದವನನ್ನು ಇಟ್ಟುಕೊಂಡು ಏನು ಮಾಡುವುದು? ಇನ್‌ಸ್ಪೆಕ್ಟರ್ ಗೋಂದನ್ನು ಬಿಡಿಸಿದ, ಅದೇ ಕೋಣೆಗೆ ರೇಡಿಯೋನನ್ನು ನೂಕಲು ಹೇಳಿದ. ಹಿಂದಿನ ಬಾಗಿಲಿನಿಂದ ತಂದಿದ್ದರಿಂದ, ಅಂಗಳದಲ್ಲಿ ತಮ್ಮನಿಗೆಂದು ಅಂಗಿ ಹಿಡಿದು ಕೂತಿದ್ದ ಹೆಂಡತಿಯನ್ನು ರೇಡಿಯೋ ದೂರದಿಂದ ಕಂಡಿದ್ದ, ಅವಳು ಅವನನ್ನು ಕಂಡಿರಲಿಲ್ಲ. ಇಬ್ಬರೂ ಬಾಗಿಲಲ್ಲಿ ಎದುರಾದರು. ಗೋಂದು ಗೋಡೆ ಹಿಡಿದು, ಪಾದದ ಅಂಚಿನ ಮೇಲೆ ನಿಂತಿದ್ದ. ಒಂದು ಕಣ್ಣು ಪೂರ್ತಿ ಮುಚ್ಚಿತ್ತು.

“ಭಾವ, ನೀವ್ಯಾಕೆ ಇಲ್ಲಿ? ನನ್ನನ್ನ ಬಿಟ್ಟುಬಿಟ್ರು, ಗೊತ್ತಾ?” ಎಂದ. ಆಮೇಲೆ ಆ ಕೈಯನ್ನು ನೋಡಿದ.

“ಅಕ್ಕ ಹೊರಗೆ ಕೂತಿದಾಳೆ. ನಿನಗೆ ಬೇರೆ ಅಂಗಿ ತಂದಿದಾಳೆ” ಎಂದ ರೇಡಿಯೋ. “ಮನೆಗೆ ಹೋಗು. ಉಂಡು ಮಲಗು. ನನ್ನ ಕೈ ವಿಷಯ ಇವತ್ತು ಅವಳಿಗೆ ಹೇಳ್ಬೇಡ.”

ಕಬ್ಬಿಣದ ಬಾಗಿಲು ಹಾಕಿದರು. ಅವನು ಮುರಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಗೆ ಒರಗಿದ. ಎತ್ತರದಲ್ಲಿದ್ದ ಕಿಟಕಿ ಅಂಗಳದ ಕಡೆಗಿತ್ತು, ಅಲ್ಲಿನ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಮೊದಲು ಹೆಂಡತಿಯ ಸಂತೋಷದ ಕೂಗು ಕೇಳಿಸಿತು. ತಮ್ಮನನ್ನು ತಬ್ಬಿಕೊಂಡಿರಬೇಕು. ಸ್ವಲ್ಪ ಹೊತ್ತು ಇಬ್ಬರೂ ಅತ್ತರು. ಆಮೇಲೆ ಅವಳು, “ಅಂಗಡಿ ಹತ್ರ ಹೋಗಿದ್ದೆ ಕಣೋ, ಒಂದು ಗಾಜೂ ಉಳಿದಿಲ್ಲ. ಭಾವ ಎಲ್ಲಿದಾರೆ? ನಿನ್ನನ್ನ ಬಿಡಿಸಿದ್ದು ಅವರೇ ಅಲ್ವಾ? ಜೊತೆಗೆ ಬರ್ಲಿಲ್ವಾ?” ಎಂದು ಕೇಳಿದಳು.

ಗೋಂದಿನ ಅಳು ಮತ್ತೆ ಕೇಳಿಸಿತು. “ಮಾತಾಡೋ, ಭಾವ ಎಲ್ಲಿ?” ಎಂದು ಅವಳು ಮತ್ತೆ ಕೇಳಿದಳು. ಮೂರನೆಯ ಸಲ ಕೇಳುವಾಗ ಅವಳ ದನಿ ಬಾಗಿಲ ಹತ್ತಿರಕ್ಕೆ ಬಂದಿತ್ತು, ಪೊಲೀಸನೊಬ್ಬ ‘ಆಚೆ ಹೋಗಮ್ಮ’ ಎನ್ನುತ್ತಿದ್ದ. ರೇಡಿಯೋ ಇಲ್ಲಿದ್ದೇನೆ ಎಂದು ಕೂಗಲು ಬಾಯಿ ತೆರೆದ. ಮೂವತ್ತು ವರ್ಷ ಬಿಡುವಿಲ್ಲದೆ ಮಾತಾಡಿದವನಿಗೆ ಒಂದು ಮಾತೂ ಬರಲಿಲ್ಲ. ಹೊರಗೆ ಅವಳು ಎರಡೂ ಕೈಯಿಂದ ಠಾಣೆಯ ಬಾಗಿಲು ಬಡಿಯತೊಡಗಿದಳು.