ಬಿಳಿ ಮಾಡಿಟ್ಟ ಸಾಲುಗಳು

ನನ್ನ ಕಂಪ್ಯೂಟರಿನ ಪಕ್ಕದಲ್ಲಿ ಒಂದು ತೆಂಗಿನಕಾಯಿ ಇದೆ. ಸಿಪ್ಪೆ ಸುಲಿದಿದೆ, ಚಿಪ್ಪು ಒಡೆದಿಲ್ಲ. ಮೇಜಿನ ಖಾನೆ ಎಳೆದರೆ ಸಾಕು, ಅರ್ಧ ಸುತ್ತು ಉರುಳಿ ಒಳಗಿನಿಂದ ‘ಗುಡುಕ್’ ಎನ್ನುತ್ತದೆ. ಯಾರೋ ಬಾಗಿಲು ತಟ್ಟಿದ ಹಾಗೆ ಕೇಳಿಸುತ್ತದೆ. ಇವತ್ತು ಬೆಳಿಗ್ಗೆ ಖಾನೆ ಎಳೆಯದೆಯೂ ಅದು ಸದ್ದು ಮಾಡಿತು. ಮೇಲೆ ತಿರುಗುವ ಫ್ಯಾನಿನ ನಡುಕವಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ನಿಮಗೂ ಹಾಗೇ ಹೇಳುತ್ತೇನೆ. ಕೈ ಮಾತ್ರ ಕೀಲಿಮಣೆಯ ಮೇಲೆ ಸ್ವಲ್ಪ ಹೊತ್ತು ಹಾಗೇ ನಿಂತಿತ್ತು.

ತಿಪಟೂರು, ತುರುವೇಕೆರೆ ಕಡೆಯವರಿಗೆ ಈ ಸದ್ದಿನ ಗುಟ್ಟು ಗೊತ್ತು. ನೀವು ಬೇರೆ ಸೀಮೆಯವರಾಗಿದ್ದರೆ ಎರಡು ಮಾತು ಕೇಳಿ. ನಮ್ಮಲ್ಲಿ ಕೊಬ್ಬರಿಗೆಂದು ಕಾಯನ್ನು ಒಡೆದು ಬಿಸಿಲಿಗೆ ಹರಡುವುದಿಲ್ಲ. ಇಡೀ ಕಾಯನ್ನು ಅಟ್ಟಕ್ಕೇರಿಸಿ ಹೆಚ್ಚುಕಡಿಮೆ ಒಂದು ವರ್ಷ ಬಿಟ್ಟುಬಿಡುತ್ತೇವೆ. ಕತ್ತಲಲ್ಲಿ ಕೂತು ಕೂತು ನೀರು ಬತ್ತಿ, ತಿರುಳು ಒಣಗಿ, ಚಿಪ್ಪಿನಿಂದ ತಾನಾಗಿ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ತಿಳಿಯಲು ಆಗಾಗ ಅಟ್ಟ ಹತ್ತಿ, ಒಂದೊಂದು ಕಾಯಿ ಎತ್ತಿ ಕಿವಿಯ ಬಳಿ ಅಲುಗಿಸಿ ನೋಡುತ್ತಾರೆ. ಇಳಿದವರು ಏಣಿಯನ್ನು ತೆಗೆದು ಗೋಡೆಯ ಬುಡಕ್ಕೆ ಮಲಗಿಸಬೇಕು. ಮಕ್ಕಳಿರುವ ಮನೆಯಲ್ಲಿ ಇದು ಸಂಜೆ ದೀಪ ಹಚ್ಚುವಷ್ಟೇ ಕಟ್ಟುನಿಟ್ಟು. ನಾನು ಹೇಳಹೊರಟಿರುವುದು ಅಂಥ ಒಂದು ಏಣಿಯ ವಿಷಯ, ಜೊತೆಗೆ ನನ್ನದೇ ಒಂದು ಕೆಟ್ಟ ಅಭ್ಯಾಸದ ವಿಷಯ.

ತಿಪಟೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇತ್ತು. ಈಗಲೂ ಇದೆ. ಆಗ ಮದುವೆ ಪತ್ರಿಕೆ, ತಿಥಿ ಕಾರ್ಡು, ಅಪರೂಪಕ್ಕೊಂದು ಪುಸ್ತಕ ಮಾಡುತ್ತಿದ್ದೆ. ಈಗ ಅದೇ ಕುರ್ಚಿಯಲ್ಲಿ ಕೂತು ಹಳೆಯ ಕಡತಗಳನ್ನು ಇ-ಪುಸ್ತಕ ಮಾಡಿಕೊಡುತ್ತೇನೆ. ಕುರ್ಚಿಯೂ ಹಳೆಯದು, ಕೂತವಳೂ ಹಳಬಳು. ಆ ಕಾಲದ ಕನ್ನಡ ಕಡತವನ್ನು ಈಗಿನ ಕಂಪ್ಯೂಟರಿನಲ್ಲಿ ತೆರೆದರೆ ಒಂದಕ್ಷರವೂ ಕನ್ನಡವಾಗಿ ಕಾಣುವುದಿಲ್ಲ. ಬರೀ ಇಂಗ್ಲಿಷ್ ಅಕ್ಷರ, ಚುಕ್ಕೆ, ಕೊಕ್ಕೆ. ಅದನ್ನೆಲ್ಲ ಬಾಚಿ, ಹಳೆಯ ಲಿಪಿಯನ್ನು ಹೊಸದಕ್ಕೆ ತಿರುಗಿಸುವ ಪರಿವರ್ತಕ ತಂತ್ರಾಂಶಕ್ಕೆ ಸುರಿದರೆ ಕೊಕ್ಕೆಗಳು ಮೆಲ್ಲಗೆ ಮುಖ ತಿರುಗಿಸಿ ಕನ್ನಡವಾಗುತ್ತವೆ. ಸತ್ತವರ ಕಡತವಾದರೆ ಆ ಗಳಿಗೆಯಲ್ಲಿ ಮೈ ಜುಂ ಎನ್ನುತ್ತದೆ, ಎಷ್ಟು ಸಲ ಮಾಡಿದರೂ ಅಷ್ಟೇ.

ಹೋದ ವರ್ಷ ಶೋಭಾ ಎಂಬ ಹೆಂಗಸು ಒಂದು ಸಿಡಿ ಹಿಡಿದುಕೊಂಡು ಬಂದಳು. ಹಾಲ್ಕುರಿಕೆ ಕಡೆಯ ಹಳ್ಳಿ. ಸಿಡಿಯ ಲಕೋಟೆ ಬಿಚ್ಚಿದರೆ ಘಂ ಎಂದು ಕೊಬ್ಬರಿ ವಾಸನೆ. ಅದರ ಮೇಲಿದ್ದ ಕೈಬರಹ ನನ್ನದೇ.

“ಅಕ್ಕಾ, ನಮ್ ಮಾವನವ್ರ ಪುಸ್ತಕ ನೀವೇ ಅಲ್ವಾ ಟೈಪ್ ಮಾಡಿದ್ದು? ಅತ್ತೆಗೆ ಕಣ್ಣು ದಿನದಿನಕ್ಕೆ ಮಂಜಾಗ್ತೈತೆ. ಡಾಕ್ಟ್ರು ಇನ್ನೇನೂ ಮಾಡಕ್ಕಾಗಲ್ಲ ಅಂದ್‌ಬುಟ್ರು. ಕಾಣೋವಷ್ಟ್ರಲ್ಲಿ ಆ ಪುಸ್ತಕ ಇನ್ನೊಂದ್ಸಲ ಓದ್ಬೇಕಂತೆ. ಅಕ್ಷರ ದಪ್ಪ ಮಾಡ್ಕೊಂಡು ಓದೋ ಮಿಷಿನ್ನು ತಂದಿದೀನಿ, ಅದ್ರೊಳಕ್ಕೆ ಹಾಕ್ಕೊಡಿ” ಎಂದಳು.

ಅವಳ ಮಾವ ಎಂದರೆ ನಮ್ಮ ಮೇಷ್ಟ್ರು. ಶಾಲೆಯಿಂದ ನಿವೃತ್ತರಾದ ಮೇಲೆ ತೋಟ, ಮನೆ, ಪಾಠ ಹೇಳಿದ ಹಳ್ಳಿಗಳ ನೆನಪನ್ನೆಲ್ಲ ಪುಸ್ತಕ ಮಾಡಬೇಕೆಂದು ಹಠ ಹಿಡಿದವರು. ಕೈ ನಡುಗುತ್ತಿದ್ದುದರಿಂದ ಬರೆಯಲಾಗುತ್ತಿರಲಿಲ್ಲ. ಬಸ್ಸಿನಲ್ಲಿ ಬಂದು ನನ್ನ ಹಿಂದಿನ ಸ್ಟೂಲಿನ ಮೇಲೆ ಕೂತು ಬಾಯಲ್ಲಿ ಹೇಳುತ್ತಿದ್ದರು, ನಾನು ಹೊಡೆಯುತ್ತಿದ್ದೆ. ಒಂದು ಮಳೆಗಾಲ ಪೂರ್ತಿ ಹೀಗೆ ನಡೆಯಿತು. ಅವರ ಮುಖಕ್ಕಿಂತ ದನಿಯೇ ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಅದು ಯಾವಾಗಲೂ ನನ್ನ ಬೆನ್ನ ಹಿಂದಿನಿಂದ ಬರುತ್ತಿತ್ತು.

ಈಗ ನನ್ನ ಕೆಟ್ಟ ಅಭ್ಯಾಸಕ್ಕೆ ಬರೋಣ. ಟೈಪಿಂಗ್ ಕಲಿಸಿದ ಗುರುಗಳು ನಮಗೆ ಹೇಳಿಕೊಟ್ಟದ್ದು ಒಂದೇ: “ಅರ್ಥ ನೋಡ್ಬೇಡಿ, ಕಿವಿಗೆ ಬಿದ್ದಿದ್ದು ಹೊಡೀರಿ.” ನಾನು ಜಾಣ ಶಿಷ್ಯೆ. ಕಿವಿಗೂ ಬೆರಳಿಗೂ ನೇರ ದಾರಿ ಮಾಡಿಕೊಂಡುಬಿಟ್ಟಿದ್ದೆ, ತಲೆಗೆ ಅದರಲ್ಲಿ ಕೆಲಸವೇ ಇರಲಿಲ್ಲ. ಹೀಗಾಗಿ ಮೇಷ್ಟ್ರು “ಒಂಚೂರು ನೀರ್ ಕೊಡಮ್ಮ” ಎಂದರೆ ಅದೂ ಅಚ್ಚುಕಟ್ಟಾಗಿ ಪುಸ್ತಕದೊಳಗೆ ಹೋಗುತ್ತಿತ್ತು. “ಕರೆಂಟ್ ಹೋಯ್ತಲ್ಲಮ್ಮ” ಎಂದದ್ದನ್ನೂ ಯುಪಿಎಸ್ ನೆಚ್ಚಿಕೊಂಡು ಟೈಪ್ ಮಾಡಿ ಮುಗಿಸಿದ್ದೆ. ಆಮೇಲೆ ನೋಡಿ ಇಬ್ಬರೂ ನಗುತ್ತಿದ್ದೆವು.

ಅವರು ಏನನ್ನಾದರೂ ತೆಗೆಸಿದರೆ ನಾನು ತೆಗೆಯುತ್ತಿರಲಿಲ್ಲ. ಮೊದಮೊದಲು ತೆಗೆದಿದ್ದೆ. ಎರಡು ದಿನ ಬಿಟ್ಟು ಬಂದು “ಅಯ್ಯೋ, ಅದು ಚೆನ್ನಾಗಿತ್ತು ಕಣಮ್ಮ, ಹಾಕ್‌ಬುಡು” ಎನ್ನುವರು. ಮತ್ತೆ ಹೊಡೆಯುವ ಕರ್ಮ ಯಾರಿಗೆ ಬೇಕು? ಅದಕ್ಕೆ ಒಂದು ಉಪಾಯ ಮಾಡಿದೆ. ತೆಗೆಯಬೇಕಾದ ಸಾಲನ್ನು ಅತಿ ಸಣ್ಣದು ಮಾಡಿ, ಬಣ್ಣ ಬಿಳಿ ಮಾಡಿಬಿಡುವುದು. ಬಿಳಿ ಕಾಗದದ ಮೇಲೆ ಬಿಳಿ ಅಕ್ಷರ ಯಾರಿಗೆ ಕಾಣುತ್ತದೆ? ಬೇಕೆಂದಾಗ ಕಪ್ಪು ಮಾಡಿದರಾಯಿತು. ಪುಸ್ತಕ ಅಚ್ಚಾಯಿತು, ನಾಲ್ಕು ಜನ ಹೊಗಳಿದರು, ಮೂರು ವರ್ಷಕ್ಕೆ ಮೇಷ್ಟ್ರು ತೀರಿಕೊಂಡರು. ಬಿಳಿ ಸಾಲುಗಳನ್ನು ನಾನು ಮರೆತೇಬಿಟ್ಟೆ.

ಪರಿವರ್ತಕಕ್ಕೆ ಅವು ಗೊತ್ತಿಲ್ಲ. ಅದು ಬಣ್ಣ ನೋಡುವುದಿಲ್ಲ, ಗಾತ್ರ ನೋಡುವುದಿಲ್ಲ, ಇರುವುದನ್ನೆಲ್ಲ ಒಂದೇ ಸಮ ಕಪ್ಪಾಗಿ ತಂದು ನಿಲ್ಲಿಸುತ್ತದೆ. ಅವತ್ತು ಮಧ್ಯಾಹ್ನ, ಓಣಿಯಲ್ಲಿ ನಾಯಿಯೂ ಓಡಾಡದ ಹೊತ್ತು. ನಾನು ಶೋಭಾಳ ಓದುವ ಯಂತ್ರದಲ್ಲಿ ಪುಟ ಸರಿಯಾಗಿ ಬಂದಿದೆಯೇ ನೋಡುತ್ತಿದ್ದೆ. ತೋಟಕ್ಕೆ ನೀರು ಹಾಯಿಸುವ ವರ್ಣನೆ. ಅದರ ನಡುವೆ ಒಂದು ಸಾಲು: “ಫ್ಯಾನ್ ಜೋರು ಮಾಡಮ್ಮ, ಸೆಕೆ.”

ಎದ್ದು ಹೋಗಿ ಫ್ಯಾನು ಜೋರು ಮಾಡಿದೆ. ಮಾಡಿದ ಮೇಲೆ ನನಗೇ ನಗು ಬಂತು, ಆಮೇಲೆ ನಗು ನಿಂತಿತು. ಬೆನ್ನ ಹಿಂದೆ ಆ ಸ್ಟೂಲು ಈಗಲೂ ಇದೆ. ಮುಂದಿನ ಪುಟಗಳಲ್ಲಿ ಅವರು ನೀರು ಕೇಳಿದರು, ಕೆಮ್ಮಿದ್ದಕ್ಕೆ ಕ್ಷಮೆ ಕೇಳಿದರು, “ಅಲ್ಲೀಗಂಟ ಓದಮ್ಮ” ಎಂದರು. “ಕರೆಂಟ್ ಹೋಯ್ತಲ್ಲಮ್ಮ” ಎಂಬಲ್ಲಿ ನಿಜಕ್ಕೂ ಕರೆಂಟು ಹೋಗಿದ್ದರೆ ನನ್ನ ಕಥೆಗೆ ಕಳೆ ಬರುತ್ತಿತ್ತು. ಹೋಗಲಿಲ್ಲ. ಆದರೆ ಹೋಗುತ್ತದೆಂದು ನಾನು ಬಲ್ಬನ್ನೇ ನೋಡುತ್ತ ಕೂತಿದ್ದು ನಿಜ.

ಅಟ್ಟದ ಅಧ್ಯಾಯಕ್ಕೆ ಬಂದಾಗ ಇದು ಸಿಕ್ಕಿತು:

“ಆ ದಿನ ಬೆಳಿಗ್ಗೆ ನನ್ನ ಮನೆಯಾಕೆ ಅಟ್ಟದಿಂದ ಇಳಿದು ಏಣಿಯನ್ನು ಮಲಗಿಸಿಯೇ ಹೋಗಿದ್ದಳು. ಅವಳು ಕೆರೆಗೆ ಬಟ್ಟೆ ಒಗೆಯಲು ಹೋದ ಮೇಲೆ ನಾನು ಮತ್ತೆ ಏಣಿ ನಿಲ್ಲಿಸಿ ಹತ್ತಿದೆ. ನಾಲ್ಕು ಕಾಯಿ ಅಲುಗಿಸಿ ನೋಡಿ ಇಳಿದೆ. ಶಾಲೆಯ ಗಂಟೆ ಹೊಡೆಯಿತೆಂದು ಏಣಿಯನ್ನು ಹಾಗೇ ಬಿಟ್ಟು ಓಡಿದೆ. ನಮ್ಮ ಸರೋಜ ಹತ್ತಿ ಬಿದ್ದದ್ದು ನಾನು ನಿಲ್ಲಿಸಿದ ಏಣಿಯಿಂದ. ತಾನೇ ಮರೆತೆನೆಂದು ಇವಳು ಎದೆ ಬಡಿದುಕೊಂಡಳು. ನಾನು ಸುಮ್ಮನಿದ್ದೆ. ಇವತ್ತಿನವರೆಗೂ ಸುಮ್ಮನಿದ್ದೇನೆ. ಯಾರದು ಬಾಗ್ಲಲ್ಲಿ? ತೆಗಿಯಮ್ಮ ಅದನ್ನ. ಏಣಿ ವಿಷ್ಯ ಅಷ್ಟೂ ತೆಗಿ.”

‘ಯಾರದು ಬಾಗ್ಲಲ್ಲಿ’ ಎಂದು ಓದಿದ ಕೂಡಲೇ ನಾನು ಬಾಗಿಲ ಕಡೆ ತಿರುಗಿದೆ. ಬಿಸಿಲು ಬಿಟ್ಟರೆ ಏನೂ ಇರಲಿಲ್ಲ.

ನೀವು ಕೇಳಬಹುದು, ಇಷ್ಟನ್ನು ಟೈಪ್ ಮಾಡಿದವಳಿಗೆ ಇದು ಗೊತ್ತಿರಲಿಲ್ಲವೇ ಎಂದು. ಇರಲಿಲ್ಲ. ಒಬ್ಬ ಮನುಷ್ಯ ತನ್ನ ಬದುಕಿನ ಅತಿ ಭಾರದ ಮಾತನ್ನು ನನ್ನ ಬೆನ್ನಿಗೆ ಹೇಳಿದ್ದ. ಅದು ನನ್ನ ಹತ್ತು ಬೆರಳಿನಿಂದ ದಾಟಿ ಹೋಗಿತ್ತು. ನಾನು ಊಟದ ಹೊತ್ತಾಯಿತೆಂದು ಗಡಿಯಾರ ನೋಡುತ್ತಿದ್ದೆನೋ ಏನೋ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಏನು ಮಾಡಬೇಕು? ತೆಗಿ ಎಂದವರು ಅವರೇ. ಅವರ ಮಾತು ಮೀರಲು ನಾನು ಯಾರು? ಎಲ್ಲ ಬಿಳಿ ಸಾಲುಗಳನ್ನೂ ಅಳಿಸಿ, ಅಚ್ಚಾದ ಪುಸ್ತಕದಂತೆಯೇ ಇರುವ ಒಂದು ಕಡತ ಮಾಡಿದೆ. ಮನಸ್ಸು ಒಪ್ಪಲಿಲ್ಲ. ಏನನ್ನೂ ಅಳಿಸದ ಇನ್ನೊಂದನ್ನೂ ಇಟ್ಟುಕೊಂಡೆ. ಎರಡನ್ನೂ ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು, ಶೋಭಾಳ ಯಂತ್ರವನ್ನೂ ಚೀಲಕ್ಕಿಟ್ಟುಕೊಂಡು, ಯಾವುದನ್ನು ಕೊಡಬೇಕೆಂದು ತಿಳಿಯದೆ, ಆ ಊರಿನ ಬಸ್ಸು ಹತ್ತಿದೆ.

ಮೇಷ್ಟ್ರ ಹೆಂಡತಿ ಗಂಗಮ್ಮನವರು ನಡುಮನೆಯಲ್ಲಿ ಕೂತಿದ್ದರು. ಎಂಬತ್ತರ ಹತ್ತಿರದ ಜೀವ. ನಾನು ಒಳಗೆ ಕಾಲಿಡುವಾಗ ಅವರು ಸೊಸೆಯನ್ನು ಕೇಳುತ್ತಿದ್ದರು: “ಏಣಿ ಮಲಗ್ಸಿದ್ಯೇನೇ?” ಶೋಭಾ “ಮಲಗ್ಸಿದೀನಿ ಅತ್ತೆ” ಎಂದಳು. ಆದರೂ ಮುದುಕಿ ಎದ್ದು ಗೋಡೆ ಹಿಡಿದು ನಡೆದು, ಕಾಲಿನ ಬೆರಳಿನಿಂದ ಏಣಿಯನ್ನು ತಡವಿ ನೋಡಿ ಬಂದು ಕೂತರು. “ದಿನಕ್ಕೆ ಹತ್ತು ಸಲ ಅಕ್ಕಾ” ಎಂದು ಶೋಭಾ ಕಣ್ಣಲ್ಲೇ ಹೇಳಿದಳು.

ಆಗಲೇ ತಲೆಯ ಮೇಲೆ ಸದ್ದಾಯಿತು. ಅಟ್ಟದಲ್ಲಿ ಒಂದು ಕಾಯಿ ಉರುಳಿ, ಇನ್ನೊಂದಕ್ಕೆ ತಾಗಿ, ಒಳಗೆಲ್ಲೋ ಗುಡುಕ್ ಎಂದಿತು.

“ಇಲಿ ಕಣಕ್ಕ” ಎಂದಳು ಶೋಭಾ.

“ಇಲಿ ಅಂತ್ಲೇ ಅನ್ನು” ಎಂದರು ಗಂಗಮ್ಮ. “ದಿನಾ ಇದೇ ಹೊತ್ಗೆ ಯಾಕ್ ಬರ್ಬೇಕು ಇಲಿ? ನಮ್ ಸರೋಜ ಬಿದ್ದು ಜೀವ ಬಿಟ್ಟಿದ್ದೂ ಇದೇ ಹೊತ್ಗೆ. ಆರು ವರ್ಷದ ಹೆಣ್ಮಗು ಕಣವ್ವಾ. ಏಣಿ ನಿಲ್ಲಿಸ್‌ಬುಟ್ಟು ಬಟ್ಟೆ ಒಗಿಯಾಕ್ ಹೋದೋಳು ನಾನೇ. ಮಲಗ್ಸಿದ್ದೆ ಅಂತ ಒಂದೊಂದ್ ಕಿತ ಅನ್ಸುತ್ತೆ. ಅನ್ಸಿದ್ರೆ ಆಯ್ತಾ? ಮೇಷ್ಟ್ರು ಒಂದ್ ಮಾತು ಬೈನಿಲ್ಲ ನನ್ನ. ಬೈದಿದ್ರೆ ಚೆನ್ನಾಗಿತ್ತು. ಪುಸ್ತಕ ಬಂದಾಗ ಪೂರ್ತಿ ಹುಡುಕ್ದೆ, ಮಗಿನ ಹೆಸ್ರು ಒಂದ್ ಕಡೀಕೂ ಇಲ್ಲ. ಆತುರದಲ್ಲಿ ತಪ್‌ಬುಟ್ಟಿದ್ರೆ? ಕಣ್ಣು ಹೋಗೋದ್ರೊಳಗೆ ಇನ್ನೊಂದ್ ದಪ ಹುಡುಕ್‌ಬುಡನ ಅಂತ.”

ನಾನು ಲ್ಯಾಪ್‌ಟಾಪ್ ತೆರೆದು, ಅಳಿಸದ ಕಡತವನ್ನು ಯಂತ್ರಕ್ಕೆ ಹಾಕಿದೆ.

ಅಕ್ಷರವನ್ನು ಎಷ್ಟು ದಪ್ಪ ಮಾಡಿಕೊಟ್ಟೆನೆಂದರೆ ಒಂದು ಪುಟಕ್ಕೆ ನಾಲ್ಕೋ ಐದೋ ಪದ. ಅಟ್ಟದ ಅಧ್ಯಾಯ ತೆಗೆದು ಕೈಗಿಟ್ಟೆ. ಅವರು ಯಂತ್ರವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ತುಟಿ ಅಲುಗಿಸುತ್ತ, ಪುಟ ಪುಟ ಒತ್ತಿದರು. ಶೋಭಾ ಕಂಬಕ್ಕೊರಗಿ ನಿಂತಿದ್ದಳು. ‘ನಮ್ಮ ಸರೋಜ’ ಎಂದು ಅವರ ದನಿ ಕೇಳಿಸಿತು. ಬೆರಳು ಬಹಳ ಹೊತ್ತು ಅಲ್ಲೇ ನಿಂತು, ಮತ್ತೆ ಒತ್ತತೊಡಗಿತು.

ಓದಿ ಮುಗಿಸಿ ಅವರು ಅಳಲಿಲ್ಲ. “ನಾನು ಮಲಗ್ಸಿದ್ದೆ” ಎಂದರು. ಇನ್ನೊಂದು ಸಲ, ಸೊಸೆಗೆ ಹೇಳುವಂತೆ, “ಮಲಗ್ಸಿದ್ದೆ ಕಣೇ ನಾನು” ಎಂದರು. ಹಾಗನ್ನುತ್ತಲೇ ಮುಖ ಗಟ್ಟಿಯಾಯಿತು. “ಇಷ್ಟ್ ವರ್ಷ ನನ್ ಮಗ್ಗುಲಲ್ಲೇ ಇದ್ರಲ್ಲ” ಎಂದವರು ಯಂತ್ರವನ್ನು ಚಾಪೆಯ ಮೇಲೆ ಕುಕ್ಕಿಬಿಟ್ಟರು. ತಪ್ಪು ಮಾಡಿದೆನೇನೋ ಎಂದು ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ಆಮೇಲೆ ಅವರು ಮೆಲ್ಲಗೆ ಕೇಳಿದರು: “ಯಾರದು ಬಾಗ್ಲಲ್ಲಿ ಅಂತ ಐತಲ್ಲವ್ವಾ, ಅದು ಪುಸ್ತಕದ್ದಾ?”

“ಅಲ್ಲಮ್ಮ. ನಮ್ಮಂಗಡೀಲಿ ಹೇಳ್ತಾ ಹೇಳ್ತಾ ಯಾರೋ ಬಂದ್ರು ಅನ್ಸುತ್ತೆ, ಕೇಳಿದಾರೆ. ನಾನು ಅದನ್ನೂ ಹೊಡೆದ್ಬಿಟ್ಟಿದೀನಿ.”

“ಯಾರೋ ಅಲ್ಲ. ನಿನ್ನಂಗಡೀಗೆ ಒಂದೇ ದಪ ಬಂದಿದ್ದು ನಾನು. ಮರ್ತೋಗಿದ್ರು ಅಂತ ಬುತ್ತಿ ಡಬ್ಬಿ ತಗಂಡು. ಹೊಸ್ಲು ಹತ್ರ ನಿಂತ್ಕಂಡೆ. ಬೆಳಕಿಗೆ ಮುಖ ಕಾಣ್ದೆ ‘ಯಾರದು ಬಾಗ್ಲಲ್ಲಿ’ ಅಂದ್ರು.”

ನನಗೆ ಆಗ ನೆನಪಾಯಿತು. ತಲೆಯ ಮೇಲೆ ಸೆರಗು, ಕೈಯಲ್ಲಿ ಡಬ್ಬಿ, ಒಳಗೆ ಬಾರದೆ ನಿಂತ ಹೆಂಗಸು. ಮೇಷ್ಟ್ರು ಸ್ಟೂಲಿನಿಂದ ತಡಬಡಿಸಿ ಎದ್ದಿದ್ದರು. ಬಾಗಿಲಿಗೂ ಸ್ಟೂಲಿಗೂ ಆರು ಅಡಿ ದೂರವೂ ಇರಲಿಲ್ಲ; ಅಷ್ಟರಲ್ಲೇ ಆ ಮಾತು ಅವರಿಗೆ ಮುಟ್ಟದೆ ನಿಂತುಹೋಗಿತ್ತು.

ಗಂಗಮ್ಮ ಚಾಪೆಯ ಮೇಲೆ ತಡವಿ ಯಂತ್ರವನ್ನು ಎತ್ತಿಕೊಂಡರು. ಪುಟ ಹಿಂದಕ್ಕೆ ಒತ್ತಿದರು. ಆ ಎರಡು ಪದವಿದ್ದ ಪುಟ ಬಂದಾಗ ಅದನ್ನು ಮುಖಕ್ಕೆ ಹಿಡಿದು, ಮನೆಯೊಳಗಿಂದ ಗಂಡ ಕರೆದರೆ ಹೆಂಗಸರು ಓಗೊಡುತ್ತಾರಲ್ಲ, ಅದೇ ದನಿಯಲ್ಲಿ ಹೇಳಿದರು: “ನಾನೇ ಕಣ್ರೀ. ನಿಲ್ಲಿಸ್‌ಬ್ಯಾಡಿ, ಹೇಳಿ.”

ನಾನು ಹೊರಡುವಾಗ ಅವರು ಶೋಭಾಳಿಂದ ಈ ಕಾಯಿ ಇಳಿಸಿ ಸುಲಿಸಿ ಕೊಟ್ಟರು. ಕಿವಿಯ ಬಳಿ ಅಲುಗಿಸಿ ನೋಡಿಯೇ ಕೊಟ್ಟರು. ಒಡೆಯಲು ನನಗೆ ಮನಸ್ಸಾಗಿಲ್ಲ. ಅವರ ಕಣ್ಣು ಈಗ ಪೂರ್ತಿ ಹೋಗಿದೆ. ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಾರಂತೆ. ಮೊನ್ನೆ ಪೇಟೆಗೆ ಬಂದ ಶೋಭಾ ಹೇಳಿದಳು: “ಏಣಿ ಕೇಳೋದು ಬುಟ್‌ಬುಟ್ಟವ್ರೆ ಅಕ್ಕಾ. ಅಟ್ಟದ್ ಮ್ಯಾಲೆ ಸದ್ದಾದ್ರೆ ನಗ್ತಾರೆ. ‘ಈಗ ಇಬ್ರವ್ರೆ ಕಣೇ ಮ್ಯಾಲೆ, ಕಾಯಿ ಅಲುಗಿಸ್ತಾವ್ರೆ’ ಅಂತಾರೆ.”

ನಾನೂ ಸ್ವಲ್ಪ ಬದಲಾಗಿದ್ದೇನೆ. ಈಗ ಯಾರಾದರೂ ಬಾಯಲ್ಲಿ ಹೇಳಿ ಬರೆಸುವಾಗ ಕುರ್ಚಿ ತಿರುಗಿಸಿ ಅವರ ಮುಖ ನೋಡುತ್ತೇನೆ. ತಪ್ಪುಗಳು ಜಾಸ್ತಿಯಾಗಿವೆ, ಗಿರಾಕಿಗಳು ಗೊಣಗುತ್ತಾರೆ. ಏನನ್ನಾದರೂ ತೆಗಿ ಎಂದರೆ, “ಪೂರ್ತಿ ತೆಗೀಲಾ, ಬಿಳಿ ಮಾಡಿಡ್ಲಾ?” ಎಂದು ಕೇಳಿಯೇ ಮುಂದುವರಿಯುತ್ತೇನೆ.

ಇವತ್ತು ಬೆಳಿಗ್ಗೆ ಕಾಯಿ ತಾನಾಗಿ ಗುಡುಕ್ ಎಂದಿತಲ್ಲ, ಆಗ ನಾನು ಬಾಗಿಲ ಕಡೆ ನೋಡಿದೆ. ಯಾರೂ ಇರಲಿಲ್ಲ. ಫ್ಯಾನಿನ ನಡುಕವೇ ಇರಬೇಕು. ಆದರೂ ಸ್ಟೂಲಿನ ಮೇಲಿದ್ದ ಕಾಗದದ ಕಟ್ಟನ್ನು ಎತ್ತಿ ಕೆಳಗಿಟ್ಟು, ಜಾಗ ಮಾಡಿ, “ಒಳಗೆ ಬನ್ನಿ” ಎಂದೆ.