ಚಾಂಪಿಯನ್ ರೀಫ್ಸ್‌ನಲ್ಲಿ ಕೇಳಿದ ಆಸ್ಟ್ರೇಲಿಯಾದ ಹಾಡು

ಶನಿವಾರ ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಬೂದಿಕೋಟೆಯಲ್ಲಿ ಒಂಬತ್ತೂವರೆಯ ಬಸ್ಸು ಹತ್ತಿದೆ. ಹೆಂಗಸರಿಗೆ ಈಗ ಬಸ್ಸು ಪುಕ್ಕಟೆ. ತೊಡೆಯ ಮೇಲೆ ಸ್ಟೀಲ್ ಡಬ್ಬಿಯ ತುಂಬ ಗಿಣ್ಣು. ಹಸು ಈದು ಎರಡು ದಿನವಾಗಿತ್ತು. ಚಾಂಪಿಯನ್ ರೀಫ್ಸ್‌ನಲ್ಲಿರುವ ನಮ್ಮಕ್ಕನಿಗಿಂತ ಭಾವ ಮುನಿವೆಂಕಟಪ್ಪನವರಿಗೇ ಗಿಣ್ಣಿನ ಮೇಲೆ ಆಸೆ. ಹಿಂದಿನ ದಿನ ಅವರೇ ಫೋನ್ ಮಾಡಿದ್ದರು: "ನಾಳೆ ನನ್ ಗಂಟೆ ಟಿವೀಲಿ ಬತ್ತದೆ. ನೀನೂ ಬಾಮ್ಮಾ, ಯಾಕೋ ದಿಗಿಲಾಯ್ತದೆ."

ಬಂಗಾರಪೇಟೆಯಿಂದ ಹತ್ತು ರೂಪಾಯಿ ಕೊಟ್ಟು ಪ್ಯಾಸೆಂಜರ್ ರೈಲು ಹಿಡಿದೆ. ಊರ್ಗಾಂ ದಾಟುವಾಗ ಬಿಸಿಗಾಳಿಗೆ ಗಣಿಮಣ್ಣಿನ ಬಿಳಿ ದಿಬ್ಬಗಳಿಂದ ಧೂಳೆದ್ದು ಕಿಟಕಿಯೊಳಗೆ ಬಂತು. ಡಬ್ಬಿಗೆ ಸೆರಗು ಮುಚ್ಚಿದೆ.

ಭಾವ ಚಿನ್ನದ ಗಣಿಯಲ್ಲಿ, ಬಾವಿಯಂತೆ ಆಳಕ್ಕಿಳಿಯುವ ಶಾಫ್ಟಿನ ಬಾಯಲ್ಲಿ ನಿಂತು ಗಂಟೆ ಹೊಡೆಯುತ್ತಿದ್ದವರು. ಮೂರು ಸಲ ಹೊಡೆದರೆ, ಶಾಫ್ಟಿನೊಳಗೆ ಏರಿಳಿಯುವ ಕೇಜಿನಲ್ಲಿ ಆಳುಗಳಿದ್ದಾರೆ ಎಂದು. ಅದರ ಹಿಂದೆ ಎರಡು ಹೊಡೆದರೆ ಕೆಳಕ್ಕೆ, ಒಂದು ಹೊಡೆದರೆ ಮೇಲಕ್ಕೆ. ಗಣಿ ಮುಚ್ಚಿ, ಶಾಫ್ಟುಗಳಲ್ಲಿ ನೀರು ತುಂಬಿ ಎಷ್ಟೋ ವರ್ಷವಾಯಿತು. ಭಾವನ ಮನೆಯಿರುವ ಗಣಿಯಾಳುಗಳ ಲೈನಿನಿಂದಲೇ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದ ಗಣಿಯಾಳೊಬ್ಬರ ಮೊಮ್ಮಗಳು ಗ್ರೇಸ್. ದೇಶಕ್ಕೊಂದು ಹಾಡು ಕಳಿಸುವ ಟಿವಿ ಸ್ಪರ್ಧೆಗೆ ಈ ಸಲ ಆ ದೇಶದಿಂದ ಆರಿಸಿದ್ದು ಅವಳ ಹಾಡನ್ನು. ತಾತ ಪಾಳಿ ಮುಗಿಸಿ ಮೇಲೆ ಬರುವ ಹಾಡು. ಅದಕ್ಕೆಂದು ಗಂಟೆಯ ಸದ್ದು ಕಳಿಸಿಕೊಡಿ ಎಂದು ಭಾವನನ್ನು ಕೇಳಿದ್ದಳು. ಭಾವ ಹಿತ್ತಲಲ್ಲಿ ಕಂಬಿಯ ತುಂಡನ್ನು ತೂಗುಹಾಕಿ, ಸ್ಪ್ಯಾನರಿನಿಂದ ಬಡಿದು, ಫೋನಿನಲ್ಲಿ ರೆಕಾರ್ಡು ಮಾಡಿ ಕಳಿಸಿದ್ದರು.

ನಾನು ಹೋಗುವಷ್ಟರಲ್ಲಿ ಪಕ್ಕದ ಮನೆಯ ಅರುಳಪ್ಪ ಬಂದು ಕೂತಿದ್ದರು. ಭಾವ ಹೊಡೆದ ಗಂಟೆ ಕೇಳಿ ಕೇಜನ್ನು ಏರಿಸಿ ಇಳಿಸುತ್ತಿದ್ದ ಇಂಜಿನ್ ಡ್ರೈವರ್ ಅವರು.

"ನೋಡಮ್ಮಾ ನಿಮ್ ಬಾವನ್ನ! ಮೇಲಕ್ಕೆ ಬರೋ ಹಾಡಿಗೆ ಮೂರು-ಎರಡು ಹೊಡ್ದು ಕಳ್ಸವ್ನೆ. ಏಂಡಾ, ಪಾಪ ಆ ತಾತನ್ನ ವಾಪಸ್ ಅಂಡರ್‌ಗ್ರೌಂಡಿಗೇ ಇಳಿಸ್ಬುಟ್ಯಲ್ಲಾ!"

"ಮೇಲ್ ನಿಂತೋನ್ ಕೈಗೆ ಇಳ್ಸೋ ಗಂಟೇನೇ ಕಣ್ಲಾ ರೂಢಿ. ಎತ್ತೋ ಗಂಟೆ ಕೆಳಗಿರೋನು ಹೊಡೀತಿದ್ದ" ಎಂದರು ಭಾವ. ಮುಖ ಬಾಡಿತ್ತು.

ತಪ್ಪು ತಿಳಿದಾಗ ಹಾಡು ಒಪ್ಪಿಸಿ ಆಗಿತ್ತಂತೆ. ರೆಕಾರ್ಡು ಬದಲಿಸಲು ನಿಯಮ ಬಿಡುವುದಿಲ್ಲವಂತೆ. ಗ್ರೇಸ್ ಫೋನಿನಲ್ಲಿ ಭಾವನಿಗೆ "ಏನಾದರೂ ಮಾಡ್ತೀನಿ ತಾತ" ಎಂದಿದ್ದಳಷ್ಟೆ. ಅಕ್ಕ ಗಿಣ್ಣು ತಂದಿಟ್ಟರೂ ಭಾವ ಮುಟ್ಟಲಿಲ್ಲ. "ಆಳುಗಳ್ನ ಇಳಿಸ್ಬುಟ್ಟು ಅಂಗೇ ಬಿಡಾದಾ?" ಎಂದು ತಟ್ಟೆ ಸರಿಸಿದರು.

ಆಸ್ಟ್ರೇಲಿಯಾದ ರಾತ್ರಿಯ ಕಾರ್ಯಕ್ರಮ ನಮಗೆ ಮಧ್ಯಾಹ್ನ ಮೂರಕ್ಕೆ ಬಂತು. ಐದು ದೇಶಗಳ ಬೆಂಕಿ, ಹೊಗೆ, ಕುಣಿತವೆಲ್ಲ ಮುಗಿದ ಮೇಲೆ ಗ್ರೇಸ್ ಬಂದಳು. ಅಷ್ಟು ದೊಡ್ಡ ವೇದಿಕೆಯ ಮೇಲೆ ಒಬ್ಬಳೇ. ಎಲ್ಲ ದೀಪ ಆರಿ, ಕತ್ತಲೆಯಲ್ಲಿ ಗಂಟೆ ಕೇಳಿಸಿತು: ಮೂರು. ಎರಡು. ನಮ್ಮ ಹಿತ್ತಲಿನ ಕಂಬಿ! ಭಾವ ತಲೆ ತಗ್ಗಿಸಿದರು.

ಹಾಡು ನನಗೆ ಅರ್ಥವಾಗಲಿಲ್ಲ, ಆದರೂ ಕೇಳುತ್ತ ಕೇಳುತ್ತ ಟಿವಿಯ ಹತ್ತಿರಕ್ಕೆ ಸರಿದು ಕೂತೆ. ಕೊನೆಗೆ ವಾದ್ಯಗಳೆಲ್ಲ ನಿಂತವು. ಸಾವಿರಾರು ಜನರ ಆ ಸಭೆಯಲ್ಲಿ ಒಂದು ಕೆಮ್ಮೂ ಇಲ್ಲ. ಗ್ರೇಸ್ ಬೂಟಿನ ಹಿಮ್ಮಡಿ ಎತ್ತಿ ಹಲಗೆಯ ಮೇಲೆ ಬಡಿದಳು. ಮೂರು ಸಲ. ತಡೆದು, ಒಂದು.

ಅರುಳಪ್ಪನವರ ಬಲಗೈ ತಾನೇ ಮೇಲೆದ್ದು, ಅಲ್ಲಿಲ್ಲದ ಇಂಜಿನ್ನಿನ ಲಿವರನ್ನು ಹಿಡಿದು, ಮೆಲ್ಲಗೆ ಎದೆಯ ಕಡೆಗೆ ಎಳೆಯಿತು. ಭಾವ ಎದ್ದು ನಿಂತಿದ್ದರು. ಕೇಜು ಮೇಲೆ ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಇಬ್ಬರೂ ಹಾಗೆಯೇ ಇದ್ದರು. ನಾವು ಅಕ್ಕತಂಗಿಯರೂ ಅಲ್ಲಾಡಲಿಲ್ಲ.

ಫಲಿತಾಂಶಕ್ಕೆ ಕಾದರೆ ರೈಲು ತಪ್ಪುತ್ತಿತ್ತು. ಹೊರಟ ರೈಲಿನಿಂದ ಬಗ್ಗಿ ನೋಡಿದೆ. ಶಾಫ್ಟಿನ ಮೇಲಿನ ಕಬ್ಬಿಣದ ಗೋಪುರ ಇಳಿಬಿಸಿಲಲ್ಲಿ ನಿಂತಿತ್ತು. ಎಷ್ಟೋ ಸಲ ನೋಡಿದ್ದೇ, ಆದರೂ ಮರೆಯಾಗುವವರೆಗೆ ಕಣ್ಣು ತೆಗೆಯಲಿಲ್ಲ.

ಬಂಗಾರಪೇಟೆಯಲ್ಲಿ ಇಳಿದು ತಿಳಿನೀರಿನ ಪಾನಿಪುರಿ ತಿನ್ನುತ್ತಿದ್ದಾಗ ಅಕ್ಕನ ಫೋನು ಬಂತು.

"ಗ್ರೇಸ್ ಏಳ್ನೇದು ಬಂದ್ಳಂತೆ ಕಣೇ."

"ಬಾವ ಬೇಜಾರ್ ಮಾಡ್ಕೊಂಡ್ರಾ?"

"ಅಯ್ಯೋ, ಅವ್ರೆಲ್ಲಿ ಕೇಳಿಸ್ಕೊಂಡ್ರು! ಎಲ್ರೂ ಮೇಲಕ್ ಬಂದ್ರಲ್ಲ ಅಂದ್ಕೊಂಡು ಗಿಣ್ಣು ತಿಂತಾ ಕೂತವ್ರೆ."