ಹಣಮವ್ವನ ಎರಡು ಹರಕೆ

ಮೈಸೂರು ಕಡೆಯವನಾದ ನನ್ನನ್ನು ಶಹಾಪುರದ ದವಾಖಾನೆಗೆ ಡಾಕ್ಟರನ್ನಾಗಿ ಹಾಕಿದಾಗ ರಾಜ್ಯ ಒಂದಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಇಲ್ಲಿಯ ಮಾತಿಗೆ ನನ್ನ ಕಿವಿಯೂ ಪಳಗಿರಲಿಲ್ಲ.

ಹಣಮವ್ವ ಕಕ್ಕೇರಾದ ಕುರಿಗಾರರ ಮನೆಯವಳು. ಸಕ್ಕರೆ ಕಾಯಿಲೆ ಹಳೆಯದು. ಅಬ್ಬೆತುಮಕೂರಿನ ಮಠಕ್ಕೆ ಬರಿಗಾಲಲ್ಲಿ ಹೊರಟವಳ ಹೆಜ್ಜೆಯಲ್ಲಿ ರಕ್ತ ಕಂಡು ಸೊಸೆ ನನ್ನ ಹತ್ತಿರ ಎಳೆದು ತಂದಿದ್ದಳು.

"ನನಗೇನೂ ಆಗಿಲ್ರಿ ಸಾಹೇಬ್ರ. ಕಾಲಿನ ಉರಿ, ನೋವು ಎಲ್ಲಾ ಹೋಗ್ಯಾವ. ಹೋದ್ರ ನಡಕೋತ ಬರ್ತೀನಂತ ಮಠದ ಅಜ್ಜಗ ಹರಕಿ ಹೊತ್ತಿದ್ದೆ."

ಪಾದ ಊದಿತ್ತು, ಮುಟ್ಟಿದರೆ ಬಿಸಿ. ಅಂಗಾಲಿನ ಕಮಾನು ಕುಸಿದು ಚಪ್ಪಟೆಯಾಗಿತ್ತು. ಅಲ್ಲಿಂದ ಒಂದು ಜಾಲಿಮುಳ್ಳು ಕಿತ್ತೆ. ಅವಳು ಸೊಸೆಯನ್ನು ಬಯ್ಯುತ್ತಲೇ ಇದ್ದಳು, ಕಿತ್ತದ್ದು ಗೊತ್ತೇ ಆಗಲಿಲ್ಲ.

ಮುಳ್ಳನ್ನು ಅವಳ ಕೈಗಿಟ್ಟೆ. "ನೋವು ಹೋಗಿಲ್ಲಮ್ಮ. ನರ ಸತ್ತು ನಿಮಗೆ ತಿಳೀತಿಲ್ಲ ಅಷ್ಟೆ. ಒಳಗೆ ಕೀಲು ಮುರೀತಾ ಇದೆ. ಇನ್ನೂ ನಡೆದರೆ ಕಾಲೇ ಉಳಿಯೋಲ್ಲ."

ಅವಳು ಮುಳ್ಳನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಅಂದ್ರ ಅಜ್ಜ ನನ್ನ ಕೆಲಸ ಇನ್ನಾ ಮಾಡಿಲ್ಲನ್ರಿ?"

"ಇಲ್ಲ."

"ಮತ್ತ ನಾ ಯಾಕ ನಡೀಲಿ?"

ದೇವರ ಜೊತೆಗೇ ವಾದಕ್ಕಿಳಿಯಬೇಕೇನೋ ಎಂದು ಸಜ್ಜಾಗಿದ್ದ ನಾನು ಪಟ್ಟಿ ಕಟ್ಟಿದೆನಷ್ಟೆ. ಸೊಸೆ ಮನೆಗೆ ಮರಳಲು ಬಂಡಿ ಕರೆಸಿದಳು. ಹತ್ತುವಾಗ ಹಣಮವ್ವ ಮಠದ ದಿಕ್ಕಿಗೆ ಕೈಮುಗಿದಳು: "ಎಪ್ಪಾ, ಹೋದ ನೋವು ತಿರುಗಿ ಕೊಡು. ಕೊಟ್ರ ಬಂಡ್ಯಾಗ ಬಂದು ಕಾಯಿ ಒಡಸ್ತೀನಿ."

ಆಗ ನಮ್ಮೂರಲ್ಲಿ ನನಗೆ ಹೆಣ್ಣು ನೋಡುತ್ತಿದ್ದರು. ನೋವು ಬರಲೆಂದು ರೋಗಿಗಳಿಂದ ಹರಕೆ ಹೊರಿಸುವ ಡಾಕ್ಟರೆಂದು ಯಾರಿಗೂ ಹೇಳಿಕೊಳ್ಳಲಿಲ್ಲ.